ಫಸಲಿಗೆ ಮೊದಲೇ ಒಂದು ಥ್ಯಾಂಕ್ಸ್

‘ಈ ವರ್ಷ ನೀವು ಯಾವುದಕ್ಕೆ ಥ್ಯಾಂಕ್‌ಫುಲ್? ಒಬ್ಬೊಬ್ಬರಾಗಿ ಹೇಳಿ.’

ಕಳೆದ ನವೆಂಬರ್‌ನ ಒಂದು ಮಂಗಳವಾರ ಸಂಜೆ, ವಿಡಿಯೊ ಕಾಲ್‌ನಲ್ಲಿ ನಮ್ಮ ಅಮೆರಿಕದ ಮ್ಯಾನೇಜರ್ ಕೇಳಿದ ಪ್ರಶ್ನೆ ಇದು. ಎರಡು ದಿನ ಕಳೆದರೆ ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಒಬ್ಬರು ಹೊಸ ಮನೆಗೆ ಥ್ಯಾಂಕ್ಸ್ ಅಂದರು, ಇನ್ನೊಬ್ಬರು ತಮ್ಮ ನಾಯಿಮರಿಗೆ. ನನ್ನ ಸರದಿ ಬಂದಾಗ ‘ನನ್ನ ಟೀಮ್‌ಗೆ’ ಎಂದು ಹೇಳಿ ನಕ್ಕು, ಮ್ಯೂಟ್ ಒತ್ತಿದೆ. ಅದೇ ಹೊತ್ತಿಗೆ ಅಪ್ಪ ಚಿತ್ರದುರ್ಗದಲ್ಲಿ ಡಯಾಲಿಸಿಸ್ ಮುಗಿಸಿಕೊಂಡು, ಆಟೊದಲ್ಲಿ ಅಮ್ಮನ ಹೆಗಲಿಗೆ ತಲೆಯಾನಿಸಿ ಊರಿಗೆ ಮರಳುತ್ತಿದ್ದರು. ಯಾವುದಕ್ಕೆ ಅಂತ ಥ್ಯಾಂಕ್ಸ್ ಹೇಳಲಿ?

ನಮ್ಮೂರು ಭೀಮಸಮುದ್ರ. ಅಡಿಕೆ ಧಾರಣೆ ಓದುವವರಿಗೆ ಹೆಸರು ಗೊತ್ತಿರುತ್ತದೆ. ದೊಡ್ಡ ಕೆರೆ, ಅದರ ಸುತ್ತ ಅಡಿಕೆ ತೋಟ, ಸುಗ್ಗಿ ಬಂದರೆ ಊರೆಲ್ಲ ಬೇಯಿಸಿದ ಅಡಿಕೆಯ ಚೊಗರು ವಾಸನೆ. ನಮ್ಮದೂ ಎರಡು ಎಕರೆ ತೋಟವಿದೆ. ಬರಗಾಲದಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ನೀರು ಹಾಕಿ ಮರ ಉಳಿಸಿಕೊಂಡವರು ಅಪ್ಪ. ಆ ಅಪ್ಪನಿಗೆ ಈಗ ದಿನಕ್ಕೆ ಇಷ್ಟೇ ನೀರು ಕುಡಿಯಬೇಕು ಎಂದು ಲೆಕ್ಕ. ಕಳೆದ ಜೂನ್‌ನಲ್ಲಿ ಎರಡೂ ಕಿಡ್ನಿ ಕೈಕೊಟ್ಟವು. ವರ್ಷಗಟ್ಟಲೆ ಲೆಕ್ಕಿಸದೆ ಬಿಟ್ಟ ಬಿಪಿ, ಶುಗರ್ ಸದ್ದಿಲ್ಲದೆ ಮಾಡಿದ ಕೆಲಸ. ಮಂಗಳವಾರ, ಶುಕ್ರವಾರ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಎಡಗೈಯಲ್ಲಿ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಝುಮ್ ಅನ್ನುತ್ತದೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಪೊಟ್ಯಾಶಿಯಂ ಹೆಚ್ಚಾದರೆ ಹೃದಯಕ್ಕೇ ಅಪಾಯ. ಹಾಗಾಗಿ ಸ್ವಂತ ತೋಟದ ಬಾಳೆಹಣ್ಣು, ಎಳನೀರು ಎರಡೂ ಬಂದ್. ಅಮ್ಮ ತರಕಾರಿ ಬೇಯಿಸಿ, ನೀರು ಬಸಿದು ಚೆಲ್ಲಿ, ಉಪ್ಪಿಲ್ಲದ ಪಲ್ಯ ಮಾಡುತ್ತಾರೆ.

ಅಮೆರಿಕದ ಆಫೀಸಿಗೆ ರಜೆ ಅಂದರೆ ನಮಗೂ ಕೆಲಸ ಕಡಿಮೆ. ಬುಧವಾರ ರಾತ್ರಿ ಬಸ್ ಹತ್ತಿದೆ. ನಿದ್ದೆ ಬಾರದೆ ಮೊಬೈಲ್‌ನಲ್ಲಿ ಆ ಹಬ್ಬದ ಕಥೆ ಓದಿದೆ. ಇಡೀ ದೇಶ ಒಂದೇ ದಿನ ಥ್ಯಾಂಕ್ಸ್‌ಗಿವಿಂಗ್ ಆಚರಿಸಬೇಕೆಂದು ಅಬ್ರಹಾಂ ಲಿಂಕನ್ ಘೋಷಿಸಿದ್ದು 1863ರಲ್ಲಿ. ಆಗ ಅಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ನವೆಂಬರ್‌ನ ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ. ಮನೆಮನೆಯಲ್ಲಿ ಸಾವಿನ ಸುದ್ದಿಯಿದ್ದ ವರ್ಷದಲ್ಲಿ ಥ್ಯಾಂಕ್ಸ್ ಹೇಳಿ ಅಂದರೆ ಜನಕ್ಕೆ ಸಿಟ್ಟು ಬಂದಿರಲಿಲ್ಲವೇ ಎಂದುಕೊಂಡೆ. ನನಗಂತೂ ಬಂದಿತ್ತು.

ಗುರುವಾರ ಬೆಳಿಗ್ಗೆ ಮನೆ ತಲುಪಿದಾಗ ಅಪ್ಪ ಜಗುಲಿ ಮೇಲೆ ಕೂತಿದ್ದರು. ಮುಖ ಊದಿತ್ತು. ಕೇಳಿದ ಮೊದಲ ಮಾತು, ‘ತೋಟಕ್ಕೆ ಹೋಗಿ ಚರಗ ಚೆಲ್ಲಿ ಬರಾಣ ತಾಯಿ.’

ಪ್ರತಿ ವರ್ಷ ಭೂಮಿ ಹುಣ್ಣಿಮೆಗೆ ತೋಟದಲ್ಲಿ ಪೂಜೆ ಮಾಡಿ, ಚರಗ ಚೆಲ್ಲಿ, ಅಲ್ಲೇ ಊಟ ಮಾಡುವುದು ನಮ್ಮ ಮನೆಯ ರೂಢಿ. ಈ ಸಲ ಹುಣ್ಣಿಮೆಯ ದಿನ ಅಪ್ಪ ಐಸಿಯುನಲ್ಲಿದ್ದರು. ಶ್ವಾಸಕೋಶಕ್ಕೆ ನೀರು ತುಂಬಿ ಉಸಿರೇ ಸಿಗುತ್ತಿರಲಿಲ್ಲ. ಅಮ್ಮ ಹೊರಗಿನ ಬೆಂಚಿನ ಮೇಲೆ, ನಾನು ಔಷಧಿ ಅಂಗಡಿಯ ಕ್ಯೂನಲ್ಲಿ. ಹಬ್ಬ ಯಾರಿಗೆ ನೆನಪಿತ್ತು? ಅಪ್ಪನಿಗೆ ಇತ್ತಂತೆ.

‘ಹುಣ್ಣಿಮೆ ಹೋಗಿ ಎಷ್ಟೋ ದಿನ ಆಯ್ತಲ್ಲಪ್ಪ. ಆ ಭೂಮಿತಾಯಿ ಈ ವರ್ಷ ನಮಗೆ ಏನು ಕೊಟ್ಟಿದ್ದಾಳೆ ಅಂತ ಪೂಜೆ?’ ಎಂದು ರೇಗಿಬಿಟ್ಟೆ. ಮಾತು ಬಾಯಿಂದ ಬಿದ್ದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ.

‘ಬಸುರಿಗೆ ಬಯಕೆ ಊಟ ಹಾಕೋದು ಯಾವಾಗ? ಹೆರಿಗೆ ಆದ ಮೇಲಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷ ಆ ಹಬ್ಬದಲ್ಲಿ ಕಡುಬು ತಿಂದಿದ್ದೇನೆಯೇ ಹೊರತು ಇದನ್ನು ಯೋಚಿಸಿರಲಿಲ್ಲ. ಭೂಮಿ ಹುಣ್ಣಿಮೆ ಎಂದರೆ ಫಸಲು ಹೊತ್ತ ಭೂಮಿಗೆ ಸೀಮಂತ. ಪೈರು ಇನ್ನೂ ಹೊಲದಲ್ಲಿರುತ್ತದೆ, ಗೊನೆ ಇನ್ನೂ ಮರದಲ್ಲಿರುತ್ತದೆ. ಮಳೆ ಬಂದು ಕೊಳೆಯಬಹುದು, ಧಾರಣೆ ಕುಸಿಯಬಹುದು. ಏನೂ ಗೊತ್ತಿಲ್ಲದಾಗಲೇ ರೈತ ಬುತ್ತಿ ಹೊತ್ತು ಹೋಗಿ ಉಣಿಸಿ ಬರುತ್ತಾನೆ. ಥ್ಯಾಂಕ್ಸ್‌ಗಿವಿಂಗ್ ಫಸಲು ಮನೆಗೆ ಬಂದ ಮೇಲಿನ ಹಬ್ಬ. ನಮ್ಮದು ಬರುವ ಮೊದಲಿನದು.

ಅಮ್ಮ ಅವಸರದಲ್ಲಿ ಕಡುಬು, ಮೊಸರನ್ನ, ಸೊಪ್ಪಿನ ಪಲ್ಯ ಮಾಡಿದರು. ಆಟೊ ಅಣ್ಣನೇ ತೋಟದ ಬದುವಿನವರೆಗೂ ಬಿಟ್ಟರು. ಡಯಾಲಿಸಿಸ್ ದಿನ ನಸುಕಿಗೇ ಮನೆ ಮುಂದೆ ಹಾರ್ನ್ ಮಾಡುವವರು ಅವರೇ. ಪಕ್ಕದ ತೋಟದವರು ಅಡಿಕೆ ಕೊಯ್ಲು ಮಾಡಿಸುತ್ತಿದ್ದರು. ಜೂನ್‌ನಿಂದ ನಮ್ಮ ತೋಟಕ್ಕೂ ಅವರೇ ನೀರು ಬಿಡುತ್ತಿದ್ದಾರೆ, ರಾತ್ರಿ ಕರೆಂಟ್ ಬಂದರೆ ಎದ್ದು ಹೋಗಿ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಅಪ್ಪನ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ನೋಡುವ ಭರದಲ್ಲಿ ಅವರ ಕಡೆ ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ.

ಪೂಜೆ ಮುಗಿಸಿ ಬುಡಬುಡಕ್ಕೂ ಚರಗ ಚೆಲ್ಲಿದೆವು. ಪಕ್ಕದ ತೋಟದವರು ಎಳನೀರು ಇಳಿಸಿಕೊಟ್ಟರು. ಮೊದಲಾದರೆ ಅಪ್ಪ ಮೂರೇಟಿಗೆ ಕೆತ್ತುತ್ತಿದ್ದರು. ಈ ಸಲ ಮಚ್ಚು ನನ್ನ ಕೈಗೆ ಬಂತು. ಹತ್ತೇಟು ಹಾಕಿ, ಅರ್ಧ ನೀರು ಚೆಲ್ಲಿ, ಕೊನೆಗೂ ಬಾಯಿ ತೆರೆದೆ. ಅಪ್ಪ ಕುಡಿಯುವಂತಿಲ್ಲ. ನನ್ನನ್ನೇ ನೋಡುತ್ತಾ ಕೂತಿದ್ದರು.

‘ಹೆಂಗೈತೆ?’

‘ಸಿಹಿ ಇದೆ ಅಪ್ಪ.’

‘ಹೂಂ. ಆ ಮರದ್ದು ಯಾವಾಗ್ಲೂ ಸಿಹಿನೇ’ ಎಂದರು, ತಾವೇ ಕುಡಿದವರ ಹಾಗೆ.

ಮರುದಿನ ಡಯಾಲಿಸಿಸ್‌ಗೆ ನಾನೇ ಜೊತೆಗೆ ಹೋದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡಲು ಕೇಂದ್ರದ ಕಾರ್ಯಕ್ರಮ ಶುರುವಾದದ್ದು 2016ರಲ್ಲಿ. ಅಂಥ ವ್ಯವಸ್ಥೆ ಇಲ್ಲದಿದ್ದರೆ ನನ್ನ ಸಂಬಳಕ್ಕೆ ಅಪ್ಪ ಎಷ್ಟು ದಿನ ಉಳಿಯುತ್ತಿದ್ದರು ಎಂದು ಆ ನಾಲ್ಕು ಗಂಟೆ ಯೋಚಿಸಿದೆ. ಸೂಜಿ ತೆಗೆದ ಮೇಲೆ ಅಪ್ಪ ಟೆಕ್ನಿಶಿಯನ್ ಹುಡುಗನಿಗೆ, ‘ಬರ್ತೀನಪ್ಪ, ಹೊತ್ತಿಗೆ ಸರಿಯಾಗಿ ಊಟ ಮಾಡು’ ಎಂದರು. ದಿನಾ ಹೀಗೇ ಹೇಳುತ್ತಾರಂತೆ. ನಾನು ಆ ಹುಡುಗನ ಹೆಸರನ್ನೂ ಕೇಳಿರಲಿಲ್ಲ. ಅವತ್ತು ಕೇಳಿದೆ.

ನನ್ನ ಸಿಟ್ಟು ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳಲಾರೆ. ರಾತ್ರಿ ಫೋನ್ ರಿಂಗಾದರೆ ಈಗಲೂ ಎದೆ ಧಸಕ್ ಅನ್ನುತ್ತದೆ. ಅಮ್ಮ ಒಂದು ಕಿಡ್ನಿ ಕೊಡಲು ಮುಂದಾಗಿದ್ದಾರೆ. ತಪಾಸಣೆಗಳು ನಡೆಯುತ್ತಿವೆ. ಹೊಂದುತ್ತದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ‘ಅಪ್ಪ ಹುಷಾರಾಗಲಿ, ಆಮೇಲೆ ಎಲ್ಲರಿಗೂ ಥ್ಯಾಂಕ್ಸ್ ಹೇಳಿದರಾಯಿತು’ ಎಂದುಕೊಂಡಿದ್ದೆ. ಈಗ ಕಾಯುತ್ತಿಲ್ಲ. ಆಟೊ ಅಣ್ಣನಿಗೆ, ಪಕ್ಕದ ತೋಟದವರಿಗೆ ವಾರಕ್ಕೊಮ್ಮೆ ನಾನೇ ಫೋನ್ ಮಾಡುತ್ತೇನೆ.

ರಿಸಲ್ಟ್‌ಗೋ, ನೇಮಕಾತಿ ಪಟ್ಟಿಗೋ, ಆಸ್ಪತ್ರೆಯ ವರದಿಗೋ ನಾವೆಲ್ಲ ಕಾಯುತ್ತಿರುವವರೇ. ಫೀಸ್ ಕಟ್ಟಿದವರು, ನೋಟ್ಸ್ ಕೊಟ್ಟವರು, ರೂಮ್ ಬಾಡಿಗೆ ಹಂಚಿಕೊಂಡವರು ಈಗಲೇ ಜೊತೆಯಲ್ಲಿದ್ದಾರೆ. ಅವರಿಗೆ ಹೇಳುವ ಮಾತನ್ನು ಫಸಲು ಬರುವವರೆಗೆ ಯಾಕೆ ಇಟ್ಟುಕೊಳ್ಳಬೇಕು?

ಸೋಮವಾರ ಕಾಲ್‌ನಲ್ಲಿ ಮ್ಯಾನೇಜರ್, ‘ರಜೆ ಹೇಗಿತ್ತು?’ ಎಂದರು. ಈ ಸಲ ಮ್ಯೂಟ್ ಒತ್ತಲಿಲ್ಲ. ‘ಅಪ್ಪನ ಜೊತೆ ತೋಟಕ್ಕೆ ಹೋಗಿದ್ದೆ’ ಎಂದೆ.