ಗರ್ಭಕಂಠದ ಕ್ಯಾನ್ಸರ್: ಕೈಗೆಟುಕುವ ತಪಾಸಣೆ ಯಾವುದು?

ಅನೇಕ ಕ್ಯಾನ್ಸರ್‌ಗಳು ಪತ್ತೆಯಾಗುವ ವೇಳೆಗೆ ಸಾಕಷ್ಟು ಬೆಳೆದಿರುತ್ತವೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ನಮಗೆ ಕಾಲಾವಕಾಶವಿದೆ. ಸೋಂಕು ತಗಲಿದ ನಂತರ ಕ್ಯಾನ್ಸರ್ ಉಂಟಾಗಲು ಸಾಮಾನ್ಯವಾಗಿ 10ರಿಂದ 20 ವರ್ಷ ಬೇಕು. ಈ ಅವಧಿಯಲ್ಲಿ ಬದಲಾದ ಜೀವಕೋಶಗಳನ್ನು ಗುರುತಿಸಿ ನಾಶಪಡಿಸಿದರೆ ರೋಗವನ್ನು ತಡೆಯಬಹುದು. ಆದರೂ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಈ ರೋಗ ತಗಲಿತು. ಸುಮಾರು 80 ಸಾವಿರ ಮಂದಿ ಸತ್ತರು. ತಡೆಯಬಹುದಾದ ರೋಗದಿಂದ ಇಷ್ಟು ಸಾವು ಏಕೆ?

ರೋಗ ಹುಟ್ಟುವ ಬಗೆ

ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗವೇ ಗರ್ಭಕಂಠ. ಇಲ್ಲಿನ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಕಾರಣ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರ ನೊಬೆಲ್ ಪ್ರಶಸ್ತಿ ದೊರೆಯಿತು. ಈ ವೈರಸ್‌ನ ನೂರಾರು ಬಗೆಗಳಲ್ಲಿ 16 ಮತ್ತು 18ನೆಯವು ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಕಾರಣ. ವೈರಸ್‌ನ ಇ6 ಮತ್ತು ಇ7 ಎಂಬ ಪ್ರೋಟೀನುಗಳು, ಜೀವಕೋಶ ವಿಭಜನೆಗೆ ಕಡಿವಾಣ ಹಾಕುವ ಪಿ53 ಮತ್ತು ಆರ್‌ಬಿ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಹೆಚ್ಚಿನವರಲ್ಲಿ ಸೋಂಕು ಒಂದೆರಡು ವರ್ಷಗಳಲ್ಲಿ ತಾನಾಗಿ ಮಾಯವಾಗುತ್ತದೆ. ಅದು ಉಳಿದುಕೊಂಡವರಿಗೇ ಅಪಾಯ.

ಪ್ಯಾಪ್ ಪರೀಕ್ಷೆಯ ಮಿತಿ

ಜಾರ್ಜ್ ಪಾಪನಿಕೊಲಾವ್ ರೂಪಿಸಿದ ಪ್ಯಾಪ್ ಪರೀಕ್ಷೆಯಲ್ಲಿ ಗರ್ಭಕಂಠದಿಂದ ಜೀವಕೋಶಗಳನ್ನು ಕೆರೆದು ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದನ್ನು ವ್ಯವಸ್ಥಿತವಾಗಿ ನಡೆಸಿದ ಶ್ರೀಮಂತ ದೇಶಗಳಲ್ಲಿ ಸಾವುಗಳು ಬಹಳ ಇಳಿದವು. ಆದರೆ ಇದಕ್ಕೆ ಪ್ರಯೋಗಾಲಯ, ನುರಿತ ತಜ್ಞರು, ಪದೇ ಪದೇ ಪರೀಕ್ಷೆ ಎಲ್ಲವೂ ಬೇಕು. ಫಲಿತಾಂಶ ಬರಲು ದಿನಗಳು ಹಿಡಿಯುತ್ತವೆ. ಒಂದು ದಿನದ ಕೂಲಿ ಬಿಟ್ಟು ಬಂದ ಮಹಿಳೆ ಫಲಿತಾಂಶಕ್ಕಾಗಿ ಮತ್ತೊಮ್ಮೆ ಬರುವಳೆಂಬ ಭರವಸೆಯಿಲ್ಲ.

ಅಸಿಟಿಕ್ ಆಮ್ಲದ ಪರೀಕ್ಷೆ

ಇದಕ್ಕೆ ಪರ್ಯಾಯವೊಂದಿದೆ. ಗರ್ಭಕಂಠಕ್ಕೆ ಶೇ. 3ರಿಂದ 5ರಷ್ಟು ತೀವ್ರತೆಯ ಅಸಿಟಿಕ್ ಆಮ್ಲವನ್ನು ಹಚ್ಚಿ, ಒಂದು ನಿಮಿಷದ ನಂತರ ಬರಿಗಣ್ಣಿನಿಂದ ನೋಡುವುದು. ಅಸಹಜ ಕೋಶಗಳಲ್ಲಿ ಕೋಶಕೇಂದ್ರ ದೊಡ್ಡದು, ಪ್ರೋಟೀನ್ ಹೆಚ್ಚು. ಆಮ್ಲ ತಗಲಿದಾಗ ಈ ಪ್ರೋಟೀನ್ ತಾತ್ಕಾಲಿಕವಾಗಿ ಹೆಪ್ಪುಗಟ್ಟಿ ಬೆಳಕನ್ನು ಪ್ರತಿಫಲಿಸುವುದರಿಂದ ಆ ಜಾಗ ಬೆಳ್ಳಗೆ ಕಾಣುತ್ತದೆ. ಸುತ್ತಲಿನ ಆರೋಗ್ಯವಂತ ಭಾಗ ನಸುಗೆಂಪಾಗಿಯೇ ಉಳಿಯುತ್ತದೆ. ಫಲಿತಾಂಶ ಅಲ್ಲಿಯೇ ಸಿಗುವುದರಿಂದ, ಸೂಕ್ತವೆನಿಸಿದರೆ ಆ ಭಾಗವನ್ನು ಶೈತ್ಯದಿಂದ ಅಥವಾ ಶಾಖದಿಂದ ಅದೇ ದಿನ ನಾಶಪಡಿಸಬಹುದು.

ಮೂರು ಅಧ್ಯಯನಗಳು ಹೇಳಿದ್ದೇನು?

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ದಾದಿಯರು ನಡೆಸಿದ ಈ ಪರೀಕ್ಷೆಯಿಂದ ಗರ್ಭಕಂಠದ ಕ್ಯಾನ್ಸರ್ ಸಾವುಗಳು ಶೇ. 35ರಷ್ಟು ಕಡಿಮೆಯಾದುವೆಂದು 2007ರಲ್ಲಿ ವರದಿಯಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿ ಮತ್ತು ಸಂಗಡಿಗರು ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ ನಡೆಸಿದರು. ಪರೀಕ್ಷೆ ಮಾಡಿದವರು ಹತ್ತನೆಯ ತರಗತಿಯವರೆಗೆ ಓದಿ, ಕೆಲವೇ ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು! ಎರಡು ವರ್ಷಕ್ಕೊಮ್ಮೆ ತಪಾಸಣೆ ನಡೆದ ಗುಂಪಿನಲ್ಲಿ ಸಾವುಗಳು ಶೇ. 31ರಷ್ಟು ಇಳಿದುದನ್ನು 2014ರಲ್ಲಿ ಪ್ರಕಟಿಸಿದರು.

ಬೀದರ್ ಹಾಗೂ ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಯ ಅಧ್ಯಯನ ಮಾತ್ರ ಬೇರೆಯ ಮಾತು ಹೇಳಿತು. ಅಲ್ಲಿ 1,31,746 ಮಹಿಳೆಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಮೂರು ಗುಂಪುಗಳಿಗೆ ಒಂದೊಂದು ಬಗೆಯ ಪರೀಕ್ಷೆಯನ್ನು ಒಮ್ಮೆ ಮಾತ್ರ ಮಾಡಲಾಯಿತು. 2009ರಲ್ಲಿ ಬಂದ ಫಲಿತಾಂಶದಲ್ಲಿ ಅಸಿಟಿಕ್ ಆಮ್ಲ ಮತ್ತು ಪ್ಯಾಪ್ ಗುಂಪುಗಳಲ್ಲಿ ಸಾವುಗಳು ಗಮನಾರ್ಹವಾಗಿ ಇಳಿದಿರಲಿಲ್ಲ. ವೈರಸ್‌ನ ಡಿಎನ್‌ಎ ಹುಡುಕುವ ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ 34 ಸಾವುಗಳಾದರೆ, ತಪಾಸಣೆ ಇಲ್ಲದ ಗುಂಪಿನಲ್ಲಿ 64.

ಈ ವ್ಯತ್ಯಾಸಕ್ಕೆ ಕಾರಣ ಊಹಿಸಬಹುದು. ಕಣ್ಣಿನಿಂದ ನೋಡುವ ಪರೀಕ್ಷೆಯ ನಿಖರತೆ ನೋಡುವವರ ಅನುಭವವನ್ನು ಅವಲಂಬಿಸಿದೆ. ಮುಟ್ಟು ನಿಂತ ಮಹಿಳೆಯರಲ್ಲಿ ರೋಗ ಹುಟ್ಟುವ ವಲಯ ಒಳಕ್ಕೆ ಸರಿದು ಕಣ್ಣಿಗೆ ಬೀಳದಿರಬಹುದು. ಎಚ್‌ಪಿವಿ ಪರೀಕ್ಷೆಯಾದರೋ ಬದಲಾವಣೆ ಕಾಣಿಸುವ ಮೊದಲೇ ವೈರಸ್ಸನ್ನು ಪತ್ತೆ ಮಾಡುತ್ತದೆ. ಅಷ್ಟೇ ಅಲ್ಲ, ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದು. ಸಂಕೋಚದ ತೊಡಕು ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನೇ ಮೊದಲ ಆಯ್ಕೆಯಾಗಿ ಸೂಚಿಸಿತು. ಆದರೆ ಇದರ ಖರ್ಚು ಹೆಚ್ಚು.

ತಲುಪುವುದೇ ಮುಖ್ಯ

30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಅಸಿಟಿಕ್ ಆಮ್ಲದ ತಪಾಸಣೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕಂಡುಕೊಂಡಂತೆ, 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಇಂಥ ತಪಾಸಣೆಗೆ ಒಳಗಾದವರು ಶೇ. 1.9 ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟುಕೊಂಡಿರುವ ಗುರಿ ಶೇ. 70.

ಎಚ್‌ಪಿವಿ ಲಸಿಕೆ ಬಾಲಕಿಯರನ್ನು ಸೋಂಕಿನಿಂದ ಕಾಪಾಡುತ್ತದೆ. ಈಗಾಗಲೇ ಇರುವ ಸೋಂಕನ್ನು ಅದು ಗುಣಪಡಿಸದು. ಆದ್ದರಿಂದ ಇಂದಿನ ತಾಯಂದಿರಿಗೆ ತಪಾಸಣೆಯೇ ರಕ್ಷಣೆ. ಯಾವ ತೊಂದರೆಯೂ ಇಲ್ಲದಿರುವಾಗಲೇ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ಹಲವರಿಗೆ ತಿಳಿದಿಲ್ಲ. ವೈರಸ್ ಮತ್ತು ಕೋಶ ವಿಭಜನೆಯ ಪಾಠ ಮಾಡುವಾಗ ಅಧ್ಯಾಪಕರು ಇದನ್ನೂ ತಿಳಿಸಿದರೆ, ವಿದ್ಯಾರ್ಥಿಗಳ ಮೂಲಕ ಈ ಮಾತು ಮನೆಯ ತಾಯಿ, ಅಜ್ಜಿ, ಅತ್ತೆಯರಿಗೂ ತಲುಪೀತು.