ಅಮ್ಮನ ವರದಿ ಫೋನಿನಲ್ಲಿ ಸಿಗುತ್ತದೆಯೇ?

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಯ ದಾಖಲೆಗಳನ್ನು ಫೋನಿನಲ್ಲೇ ನೋಡಬಹುದೇ? ಕೇಳಿದರೆ ಸಿಬ್ಬಂದಿ ಏಕೆ ಹಿಂದೇಟು ಹಾಕುತ್ತಾರೆ?
– ಓದುಗರೊಬ್ಬರು, ಕಂಬೈನಲ್ಲೂರು, ತಮಿಳುನಾಡು

ಉತ್ತರ: ನೋಡಬಹುದು, ಆದರೆ ಆಸ್ಪತ್ರೆಯೂ ಕೈಜೋಡಿಸಬೇಕು. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ಯಾರು ಬೇಕಾದರೂ 14 ಅಂಕಿಗಳ ‘ಆಭಾ’ ಸಂಖ್ಯೆ ಪಡೆಯಬಹುದು. ಆಸ್ಪತ್ರೆಯೋ ಲ್ಯಾಬೋ ತನ್ನ ದಾಖಲೆಯನ್ನು ಅದಕ್ಕೆ ಜೋಡಿಸಿದರಷ್ಟೇ ಆಭಾ ಆ್ಯಪ್‌ನಲ್ಲಿ ಕಾಣುತ್ತದೆ. ಹಳೆಯ ಚೀಟಿಗಳು ತಾವಾಗಿ ಬಂದು ಸೇರುವುದಿಲ್ಲ. ಬೇರೆ ವೈದ್ಯರು ನೋಡಲು ಅಮ್ಮನ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಹಿಂಪಡೆಯಲೂಬಹುದು.

ಸಿಬ್ಬಂದಿಯ ಅಳುಕು ಬೇರೆ ದೇಶಗಳಲ್ಲೂ ಇದ್ದದ್ದೇ. ರೋಗಿ ಓದಿ ಗಾಬರಿಯಾದರೆ? ಪ್ರಶ್ನೆಗಳ ಸುರಿಮಳೆಯಾದರೆ? ಅಮೆರಿಕದಲ್ಲಿ 2010ರಲ್ಲಿ ನೂರಕ್ಕೂ ಹೆಚ್ಚು ವೈದ್ಯರು ಇದೇ ಅಳುಕಿನ ನಡುವೆ ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ತೆರೆದಿಟ್ಟರು. ವರ್ಷದ ಪ್ರಯೋಗ ಮುಗಿದಾಗ ಅವರಲ್ಲಿ ಒಬ್ಬರೂ ಅದನ್ನು ನಿಲ್ಲಿಸಲಿಲ್ಲ. ಹಾಗಾಗಿ ಹಿಂದೇಟು ಸಹಜವಾದರೂ ಅದಕ್ಕೆ ಮಣಿಯಬೇಕಿಲ್ಲ ಎಂಬುದೇ ನನ್ನ ಅಭಿಪ್ರಾಯ.

ನಿಮ್ಮ ಕಡೆಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕಿದೆ: ಮನೆಮಾತು ಕನ್ನಡ, ಆಸ್ಪತ್ರೆಯಲ್ಲಿ ತಮಿಳು, ವರದಿ ಇಂಗ್ಲಿಷು. ‘ಎಚ್‌ಬಿಎ1ಸಿ 9’ ಎಂದು ಅಚ್ಚಾಗಿದ್ದರೆ, ಅದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟದ ಸೂಚಕ, ಹತೋಟಿ ತಪ್ಪಿದೆ ಎಂದು ಯಾರಾದರೂ ಬಿಡಿಸಿ ಹೇಳಬೇಕು. ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯನ್ನು ಸಂಕೋಚವಿಲ್ಲದೆ ಕೇಳಿ.

ಆ್ಯಪ್‌ನಲ್ಲಿ ಸಿಗದಿದ್ದರೂ ಹಕ್ಕು ಹೋಗುವುದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ, ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅರ್ಜಿ ಬರೆದು ಕೊಡಿ, ಪ್ರತಿಯ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಳ್ಳಿ.