ಆಟಿಯ ಹಾಲೆ, ಕಕ್ಕಡದ ಸೊಪ್ಪು

ವರ್ಷವಿಡೀ ಯಾರೂ ಕತ್ತೆತ್ತಿ ನೋಡದ ಮರವೊಂದನ್ನು ಹುಡುಕಿಕೊಂಡು ಆಟಿ ಅಮಾವಾಸ್ಯೆಯ ನಸುಕಿನಲ್ಲಿ ತುಳುನಾಡಿನ ಗಂಡಸರು ಮನೆಯಿಂದ ಹೊರಡುತ್ತಾರೆ. ಅದೇ ಮಳೆಗಾಲದಲ್ಲಿ, ಘಟ್ಟದ ಮೇಲಿನ ಕೊಡಗಿನಲ್ಲಿ, ತೋಟದ ನೆರಳಲ್ಲಿ ಬೆಳೆದ ಗಿಡವೊಂದನ್ನು ಕೊಯ್ದು ತಂದು ಪಾಯಸ ಮಾಡುತ್ತಾರೆ. ಒಂದು ನಾಲಿಗೆಯೇ ಮರಗಟ್ಟುವಷ್ಟು ಕಹಿ, ಇನ್ನೊಂದು ಸಿಹಿ. ಆದರೆ ನಂಬಿಕೆ ಎರಡಕ್ಕೂ ಒಂದೇ: ಗೊತ್ತಾದ ಒಂದು ದಿನ ಗಿಡಮೂಲಿಕೆಯಲ್ಲಿ ಮದ್ದು ತುಂಬಿಕೊಳ್ಳುತ್ತದೆ; ಅಂದು ಸೇವಿಸಿದವರ ಬಳಿಗೆ ವರ್ಷವಿಡೀ ಕಾಯಿಲೆ ಸುಳಿಯದು.

ಆಟಿ, ಕಕ್ಕಡ ಎರಡೂ ಸೌರಮಾನದ ಕರ್ಕಾಟಕ ಮಾಸಕ್ಕಿರುವ ಹೆಸರುಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಮಳೆ ಬಿಡುವು ಕೊಡುವುದಿಲ್ಲ. ಹಿಂದೆ ಮನೆಯ ಅಕ್ಕಿ ಮುಗಿಯುತ್ತ ಬರುತ್ತಿದ್ದುದೂ, ಜ್ವರ, ಹೊಟ್ಟೆನೋವು ಕಾಡುತ್ತಿದ್ದುದೂ ಆಗಲೇ. ತುಳುನಾಡಿನಲ್ಲಿ ಆಟಿಯಲ್ಲಿ ಶುಭಕಾರ್ಯ ಮಾಡುವುದಿಲ್ಲ. ನಲಿಕೆ ಸಮುದಾಯದವರು ವೇಷ ಕಟ್ಟುವ ಆಟಿ ಕಳೆಂಜ ತೆಂಗಿನ ಎಳೆಗರಿ ಉಟ್ಟು, ಪನೆಯೋಲೆ ಕೊಡೆ ತಿರುಗಿಸುತ್ತ ಮನೆಮನೆಗೆ ಬಂದು ಮಾರಿ ಕಳೆದು ಹೋಗುತ್ತಾನೆ. ಅಡುಗೆಮನೆಯಲ್ಲಿ ಕೆಸುವಿನ ಎಲೆಯ ಪತ್ರೊಡೆ, ತಜಂಕ್ (ತಗಚೆ) ಸೊಪ್ಪು, ಕಣಿಲೆ (ಎಳೆ ಬಿದಿರು), ತಿಮರೆ (ಒಂದೆಲಗ) ಚಟ್ನಿ. ಹಿತ್ತಲು, ಗುಡ್ಡಗಳಿಂದ ಕಾಸಿಲ್ಲದೆ ಸಿಗುವ ಈ ತಿನಿಸುಗಳ ಸಾಲಿಗೇ ಹಾಲೆ ಮರದ ತೊಗಟೆಯ ಕಷಾಯವೂ ಸೇರುತ್ತದೆ.

ಕಲ್ಲಿನಿಂದ ಕೆತ್ತಿದ ತೊಗಟೆ

ತುಳುವಿನ ಪಾಲೆ ಮರವೇ ಕನ್ನಡದ ಹಾಲೆ, ಮದ್ದಾಲೆ, ಸಂಸ್ಕೃತದ ಸಪ್ತಪರ್ಣ. ಸಸ್ಯಶಾಸ್ತ್ರದಲ್ಲಿ ಆಲ್ಸ್ಟೋನಿಯ ಸ್ಕಾಲರಿಸ್. ಪಶ್ಚಿಮ ಬಂಗಾಳಕ್ಕೆ ಇದು ರಾಜ್ಯವೃಕ್ಷ. ಕೇರಳದ ಕಥೆಗಳಲ್ಲಿ ಯಕ್ಷಿಯ ಮನೆ. ರಾತ್ರಿ ಅದರ ಹೂವಿನ ಗಾಢ ವಾಸನೆ ಮೂಗಿಗೆ ಬಡಿದವರು ಆ ಕಥೆಯನ್ನು ಸುಲಭವಾಗಿ ನಂಬಿಯಾರು.

ಆಟಿ ಅಮಾವಾಸ್ಯೆಯಂದು ಈ ಮರದಲ್ಲಿ ಸಾವಿರದೊಂದು ಮದ್ದು ಸೇರಿರುತ್ತದೆ ಎಂಬುದು ಹಿರಿಯರ ಮಾತು. ತೊಗಟೆ ತೆಗೆಯಲು ಕಟ್ಟುಪಾಡುಗಳಿವೆ. ಬೆಳಕು ಹರಿಯುವ ಮೊದಲೇ ಹೋಗಬೇಕು. ಸಂಪ್ರದಾಯ ಬಿಗಿಯಾಗಿದ್ದ ಕಾಲದಲ್ಲಿ ಬೆತ್ತಲೆಯಾಗಿ ಹೋಗುತ್ತಿದ್ದರು. ಮರಕ್ಕೆ ಕತ್ತಿ ಮುಟ್ಟಿಸುವಂತಿಲ್ಲ, ಕಲ್ಲಿನಿಂದಲೇ ಜಜ್ಜಿ ತೊಗಟೆ ಬಿಡಿಸಬೇಕು. ಮನೆಗೆ ತಂದು ಅರೆದು ರಸ ಹಿಂಡಿ, ಬೆಳ್ಳುಳ್ಳಿ, ಓಮ, ಕಾಳುಮೆಣಸು ಸೇರಿಸುತ್ತಾರೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ರಸಕ್ಕೆ ಹಾಕಿ ಒಗ್ಗರಣೆ ಕೊಡುವುದೂ ಇದೆ. ಬರಿಹೊಟ್ಟೆಯಲ್ಲಿ ಸ್ವಲ್ಪವೇ ಕುಡಿಯಬೇಕು. ಕಷಾಯ ಉಷ್ಣವೆಂದು, ಮೈ ತಂಪಾಗಲು ಆಮೇಲೆ ಮೆಂತೆ ಗಂಜಿ ಉಣ್ಣಬೇಕು. ಬಂಟ್ವಾಳ ತಾಲ್ಲೂಕಿನ ಕಾರಿಂಜ, ನರಹರಿ ಪರ್ವತಗಳಲ್ಲಿ ಅಂದು ತೀರ್ಥಸ್ನಾನದ ಸಂಭ್ರಮವೂ ಇರುತ್ತದೆ.

ಹದಿನೆಂಟನೆಯ ದಿನ

ಕೊಡಗಿನವರ ಲೆಕ್ಕ ಇನ್ನೂ ಸೊಗಸು. ಕಕ್ಕಡ ಹುಟ್ಟಿದ ದಿನದಿಂದ ಮದ್ದುಸೊಪ್ಪಿನಲ್ಲಿ ದಿನಕ್ಕೊಂದು ಮದ್ದು ಸೇರುತ್ತ ಹೋಗಿ, 18ನೆಯ ದಿನ ಹದಿನೆಂಟೂ ಒಟ್ಟುಗೂಡುತ್ತವೆ. ಸಾಮಾನ್ಯವಾಗಿ ಅದು ಆಗಸ್ಟ್ 3. ಜಸ್ಟೀಸಿಯ ವೈನಾಡೆನ್ಸಿಸ್ ಎಂಬ ಈ ಗಿಡ ಪಶ್ಚಿಮಘಟ್ಟದ್ದು. ಆಡುಸೋಗೆಯ ಕುಲದ ಇದು ಕಾಫಿ ತೋಟದ ಅಂಚಿನಲ್ಲಿ, ತೇವ ನೆರಳಿನಲ್ಲಿ ಬೆಳೆಯುತ್ತದೆ.

ಎಲೆ, ದಂಟನ್ನು ನೀರಿನಲ್ಲಿ ಕುದಿಸಿದರೆ ನೀರು ಗಾಢ ನೇರಳೆಗೆ ತಿರುಗಿ ವಿಶಿಷ್ಟ ಪರಿಮಳ ಬರುತ್ತದೆ. ಸೋಸಿದ ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಸೇರಿಸಿದರೆ ಮದ್ದು ಪಾಯಸ. ಹಿಟ್ಟಿನಲ್ಲಿ ಮಾಡಿದರೆ ಮದ್ದು ಪುಟ್ಟು. ಮೇಲೆ ತುಪ್ಪ, ಜೇನು. ತಿಂದ ಮೇಲೆ ಮೂತ್ರದ ಬಣ್ಣ ಕೆಂಪಾಗುತ್ತದೆ. ಮೊದಲ ಸಲ ತಿಂದವರು ಗಾಬರಿ ಬಿದ್ದರೆ, ಮದ್ದು ಮೈಗೆ ಹತ್ತಿತು ಎಂದು ಮನೆಯವರು ನಗುತ್ತಾರೆ. ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಮಾಡಿ ಸೋತ ಮೈಗೆ ಬಿಸಿ ಪಾಯಸ, ನಾಟಿಕೋಳಿ ಸಾರು, ಕಣಿಲೆ ಪಲ್ಯ ಸೇರಿದ ಊಟ ಹಬ್ಬವಾದದ್ದರಲ್ಲಿ ಆಶ್ಚರ್ಯವಿಲ್ಲ. ಈಗ ಈ ಸೊಪ್ಪು ಕಂತೆ ಕಟ್ಟಿಸಿಕೊಂಡು ಬೆಂಗಳೂರು, ಮೈಸೂರಿನ ಕೊಡವರ ಮನೆಗಳಿಗೂ ಹೋಗುತ್ತದೆ.

ನಂಬಿಕೆ ಎಷ್ಟು, ಮದ್ದು ಎಷ್ಟು?

ಆಯುರ್ವೇದ ಸಪ್ತಪರ್ಣವನ್ನು ವಿಷಮಜ್ವರಕ್ಕೆ, ಅಂದರೆ ಬಿಟ್ಟುಬಿಟ್ಟು ಬರುವ ಜ್ವರಕ್ಕೆ, ಹೇಳುತ್ತದೆ. 19ನೆಯ ಶತಮಾನದ ವೈದ್ಯರು ಕ್ವಿನೈನ್‌ಗೆ ಬದಲಿಯಾಗಿ ಇದೇ ತೊಗಟೆಯನ್ನು ಪ್ರಯೋಗಿಸಿ ನೋಡಿದರು. ಅದರಲ್ಲಿ ಎಕಿಟಮೀನ್ ಮೊದಲಾದ ಆಲ್ಕಲಾಯ್ಡ್‌ಗಳಿರುವುದು ನಿಜ, ಆದರೆ ಮಲೇರಿಯಾಕ್ಕೆ ಕ್ವಿನೈನ್‌ನ ಜಾಗ ತುಂಬಲು ಅದಕ್ಕೆ ಆಗಲಿಲ್ಲ. ಮದ್ದುಸೊಪ್ಪಿನಲ್ಲಿಯೂ ಉತ್ಕರ್ಷಣ ನಿರೋಧಕ ಗುಣವನ್ನು ಸಂಶೋಧಕರು ಗುರುತಿಸಿದ್ದಾರೆ. ಹಾಗೆಂದು ಒಂದು ದಿನ ಕುಡಿದ ಕಷಾಯ, ಒಂದು ಬಟ್ಟಲು ಪಾಯಸ ವರ್ಷವಿಡೀ ಕಾಯುತ್ತದೆ ಎನ್ನಲು ಪುರಾವೆ ಇಲ್ಲ. ಗಿಡದ ರಾಸಾಯನಿಕ ಅಂಶಗಳು ಋತು, ಮಳೆ, ಮಣ್ಣಿಗೆ ತಕ್ಕಂತೆ ಏರಿಳಿಯುತ್ತವೆ. ಪಂಚಾಂಗದ ತಿಥಿ ನೋಡಿಕೊಂಡಲ್ಲ.

ಹಾಗಾದರೆ ಈ ಕಟ್ಟುಪಾಡುಗಳೆಲ್ಲ ಬರಿಯ ಮೂಢನಂಬಿಕೆಯೇ? ಅವು ಮಾಡಿಸುತ್ತಿದ್ದ ಕೆಲಸವನ್ನು ನೋಡಿ. ವರ್ಷಕ್ಕೊಂದೇ ದಿನ ಎಂದರೆ ಕಟುವಾದ ಮದ್ದನ್ನು ದಿನವೂ ಕುಡಿಯುವ ಚಪಲಕ್ಕೆ ತಡೆ. ಕಲ್ಲಿನಿಂದ ಜಜ್ಜಿದರೆ ಅಂಗೈಯಷ್ಟು ತೊಗಟೆ ಬಂದೀತು, ಅಷ್ಟು ಗಾಯವನ್ನು ಮರ ಮಾಯಿಸಿಕೊಳ್ಳುತ್ತದೆ. ಕತ್ತಿಯಿಂದ ಸುತ್ತಲೂ ಸುಲಿದರೆ ಮರವೇ ಒಣಗುತ್ತದೆ. ಈ ಕಟ್ಟುಪಾಡುಗಳನ್ನು ಮೊದಲು ಮಾಡಿದವರ ಮನಸ್ಸಿನಲ್ಲಿ ಇದೇ ಇತ್ತು ಎನ್ನಲಾಗದು, ಆದರೆ ಫಲವಂತೂ ಇದೇ ಆಯಿತು. ನಂಬಿಕೆಯ ಮಾತು ಮಿತಿಯನ್ನು ಕಾದಿತು. ಅದಕ್ಕಿಂತ ಮುಖ್ಯವಾಗಿ, ಅಪ್ಪನ ಹಿಂದೆ ಮಗ ಗುಡ್ಡ ಹತ್ತಿದಾಗ ಮರದ ಗುರುತು ಒಂದು ತಲೆಯಿಂದ ಇನ್ನೊಂದಕ್ಕೆ ದಾಟುತ್ತಿತ್ತು.

ಗುರುತು ತಪ್ಪಿದರೆ ವಿಷ

ಇಂದು ಸಡಿಲಗೊಂಡಿರುವುದು ಮರದ ಗುರುತು ದಾಟಿಸುವ ಈ ಕೊಂಡಿಯೇ. ಅಮಾವಾಸ್ಯೆಯ ನೆನಪು ಎಲ್ಲರಿಗೂ ಇದೆ, ಮೊಬೈಲ್‌ನಲ್ಲಿ ಹಿಂದಿನ ದಿನವೇ ಸಂದೇಶಗಳು ಹರಿದಾಡುತ್ತವೆ; ಮರದ ಪರಿಚಯ ಮಾತ್ರ ಕೆಲವರಿಗೇ ಉಳಿದಿದೆ. ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆ ತಂದು ಕುಡಿದು ಅಸ್ವಸ್ಥರಾದವರು, ಜೀವ ಕಳೆದುಕೊಂಡವರು ಇದ್ದಾರೆ. ತುಳುವಿನಲ್ಲಿ ಕಾಯೆರ್ ಎನ್ನುವ ಈ ಮರದ ತೊಗಟೆಯಲ್ಲಿಯೂ ಬೀಜದಲ್ಲಿಯೂ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ವಿಷಗಳಿವೆ. ಸ್ನಾಯುಗಳು ಸೆಟೆದು, ಉಸಿರೇ ನಿಂತುಹೋಗಬಹುದು.

ಎರಡರ ವ್ಯತ್ಯಾಸ ಹಗಲಿನಲ್ಲಿ ಕಷ್ಟವಲ್ಲ. ಹಾಲೆಯ ಎಲೆಗಳು ಗೆಣ್ಣಿನ ಸುತ್ತ ಗುಂಪಾಗಿ, ಹೆಚ್ಚಾಗಿ ಏಳೇಳರಂತೆ ಇರುತ್ತವೆ. ಎಲೆ ಕಿತ್ತರೂ ತೊಗಟೆ ಗೀರಿದರೂ ಬಿಳಿ ಹಾಲು ಒಸರುತ್ತದೆ. ಕಾಸರಕದ ಹೊಳಪಿನ ಎಲೆಗಳು ಎದುರುಬದುರು ಎರಡೆರಡೇ, ಎಲೆಯ ಬುಡದಿಂದ ಮೂರೋ ಐದೋ ನರ ಹೊರಡುತ್ತವೆ, ಹಣ್ಣು ಕಿತ್ತಳೆ ಬಣ್ಣದ ಗುಂಡು, ಹಾಲು ಬರುವುದಿಲ್ಲ.

ಬಲ್ಲವರು ತಂದ ತೊಗಟೆಯಿಂದ ದೇವಸ್ಥಾನಗಳಲ್ಲಿ, ಸಂಘಸಂಸ್ಥೆಗಳಲ್ಲಿ ಕಷಾಯ ಮಾಡಿ ಹಂಚುವ ಪದ್ಧತಿ ಈಗ ಬೆಳೆದಿದೆ. ಅದು ಒಳ್ಳೆಯ ದಾರಿ. ಮನೆಯಲ್ಲೇ ಮಾಡುವವರು ಮರವನ್ನು ಮುನ್ನಾದಿನ ಹಗಲಿನಲ್ಲಿ ಬಲ್ಲವರಿಂದ ಗುರುತಿಸಿ ದಾರ ಕಟ್ಟಿ ಬರಲಿ. ಗರ್ಭಿಣಿಯರು, ಚಿಕ್ಕಮಕ್ಕಳು, ದಿನವೂ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯುವುದು ಬೇಡ. ಕುಡಿದ ಮೇಲೆ ಮೈ ಸೆಟೆದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಈ ಸಲದ ಆಟಿಗೆ ಕಷಾಯದ ಲೋಟ ಹಿಡಿಯುವ ಮೊದಲು ಮಕ್ಕಳಿಗೆ ಹಾಲೆ ಯಾವುದು, ಕಾಸರಕ ಯಾವುದು ಎಂದು ಮರದ ಬುಡಕ್ಕೇ ಕರೆದೊಯ್ದು ತೋರಿಸಿ.